ತೇಲುವ ಎಲೆಯನ್ನು ನಂಬಬೇಡಿ: ಕೆರೆಯ ಎರಡು ಜಲಸಸ್ಯಗಳನ್ನು ಬೇರೆ ಮಾಡಿ ಗುರುತಿಸುವುದು ಹೇಗೆ

ಕಲಘಟಗಿ ಕಡೆಯ ಒಂದು ಸಣ್ಣ ಕೆರೆಯ ದಂಡೆಯಲ್ಲಿ ಹತ್ತಾರು ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡು, ನೀರ ಮೇಲೆ ತೇಲುತ್ತಿದ್ದ ಉದ್ದನೆಯ ಎಲೆಯೊಂದನ್ನು ತೋರಿಸಿ, ನಾನು ಬಹಳ ಧೈರ್ಯದಿಂದ ‘ಪೊಟಮೊಗೆಟಾನ್’ ಎಂದು ಹೇಳಿದ್ದೆ. ಮಕ್ಕಳು ಬರೆದುಕೊಂಡರು. ಎಮ್ಮೆಗಳನ್ನು ನೀರಿಗೆ ಬಿಟ್ಟು ಏರಿಯ ಮೇಲೆ ಕುಳಿತಿದ್ದ ಅಜ್ಜ ಒಬ್ಬರು ಅಷ್ಟೂ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ, ‘ಸರ್, ಆಗ ತೂಬಿನ ಹತ್ತಿರ ತೋರಿಸಿದ ಗಿಡವೂ ಇದೂ ಒಂದೇ ಅಲ್ಲ. ಇದರ ಬುಡದಲ್ಲಿ ಗಡ್ಡೆ ಇರುತ್ತದೆ. ನಾವು ಹುಡುಗರಿದ್ದಾಗ ಸುಟ್ಟು ತಿನ್ನುತ್ತಿದ್ದೆವು’ ಎಂದರು. ನಾನು ತೋಳು ಮಡಚಿಕೊಂಡು ನೀರಿನೊಳಗೆ ಕೈ ಬಿಟ್ಟೆ. ಗಡ್ಡೆ ಇತ್ತು. ಸಸ್ಯಶಾಸ್ತ್ರ ಕಲಿಸುವವನಿಗೆ ಎಮ್ಮೆ ಕಾಯುವವರು ಪಾಠ ಹೇಳಿದ್ದನ್ನು ಮಕ್ಕಳು ಇಂದಿಗೂ ಮರೆತಿಲ್ಲ. ಹೆಸರು ಮಾತ್ರ ಮರೆತಿದ್ದಾರೆ.

ಅಂದಿನಿಂದ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಎರಡು ಗಿಡಗಳು: ಪೊಟಮೊಗೆಟಾನ್ ನೊಡೋಸಸ್ ಮತ್ತು ಅಪೊನೊಗೆಟಾನ್ ನಟಾನ್ಸ್. ನೀರಿನ ಮೇಲೆ ಎರಡಕ್ಕೂ ಅಂಗೈಯುದ್ದದ ಹಸಿರು ಎಲೆ. ಎರಡಕ್ಕೂ ಉದ್ದನೆಯ ತೊಟ್ಟು. ಎರಡೂ ನೀರಿನಿಂದ ಮೇಲಕ್ಕೆ ಜೋಳದ ಎಳೆ ತೆನೆಯಂಥ ಹೂಗೊಂಚಲನ್ನು ಚಾಚುತ್ತವೆ. ಏರಿಯ ಮೇಲೆ ನಿಂತವರಿಗೆ ಅವೆರಡೂ ‘ಕೆರೆಯ ಪಾಚಿ’.

ದಾಯಾದಿಗಳ ಪರಿಚಯ

ಹೆಸರುಗಳಲ್ಲೇ ಅರ್ಧ ಗುರುತು ಅಡಗಿದೆ. ಗ್ರೀಕ್ ಭಾಷೆಯಲ್ಲಿ ಪೊಟಮೋಸ್ ಎಂದರೆ ನದಿ, ಗೀಟೋನ್ ಎಂದರೆ ನೆರೆಯವನು. ಹಾಗಾಗಿ ಪೊಟಮೊಗೆಟಾನ್ ಎಂದರೆ ಹೊಳೆಯ ನೆರೆಯವನು. ಅಪೊನೊಗೆಟಾನ್ ಇನ್ನೊಬ್ಬ ನೆರೆಯವನು. ಇಟಲಿಯ ಪಡುವಾ ಬಳಿಯ, ರೋಮನ್ನರು ಅಪೋನಸ್ ಎನ್ನುತ್ತಿದ್ದ ಬಿಸಿನೀರಿನ ಚಿಲುಮೆಯಿಂದ ಆ ಹೆಸರು ಬಂತು. ಮೊದಲು ಅದು ಬೇರೊಂದು ಜಲಸಸ್ಯದ ಹೆಸರಾಗಿತ್ತು; ಅಲ್ಲಿ ಬಿದ್ದುಹೋದ ಮೇಲೆ ನಮ್ಮ ಗಿಡದ ಕುಲಕ್ಕೆ ದಕ್ಕಿತು. ಇಟಲಿಯ ಚಿಲುಮೆಗೂ ಕಲಘಟಗಿಯ ಕೆರೆಗೂ ಅಷ್ಟೇ ನಂಟು.

ಎರಡನೆಯ ಪದಗಳನ್ನು ಗಮನಿಸಿ. ನೊಡೋಸಸ್ ಎಂದರೆ ಗೆಣ್ಣುಗಳುಳ್ಳದ್ದು. ಹೆಸರಿಟ್ಟವರು ನಿಜವಾದ ಗುರುತನ್ನೇ ಹಿಡಿದಿದ್ದಾರೆ. ನಟಾನ್ಸ್ ಎಂದರೆ ತೇಲುವಂಥದ್ದು. ತೇಲುವುದು ಎರಡೂ, ಆ ಹೆಸರು ನಮಗೆ ನಯಾಪೈಸೆಯಷ್ಟೂ ಉಪಯೋಗಕ್ಕೆ ಬರುವುದಿಲ್ಲ. ಸಾಲದ್ದಕ್ಕೆ ಯುರೋಪಿನಲ್ಲಿ ಪೊಟಮೊಗೆಟಾನ್ ನಟಾನ್ಸ್ ಎಂಬ ಮತ್ತೊಂದು ಗಿಡವಿದೆ. ಮೊಬೈಲಿನಲ್ಲಿ ಬರಿದೇ ನಟಾನ್ಸ್ ಎಂದು ಹುಡುಕಿದರೆ ಅದರ ಚಿತ್ರಗಳು ಬಂದು ಇನ್ನಷ್ಟು ದಾರಿ ತಪ್ಪಿಸುತ್ತವೆ. ಎರಡೂ ಪದಗಳನ್ನು ಸೇರಿಸಿಯೇ ಹುಡುಕಿ.

ಇವು ಅಣ್ಣತಮ್ಮಂದಿರಲ್ಲ, ದಾಯಾದಿಗಳು. ಅಲಿಸ್ಮಟೇಲಿಸ್ ಎಂಬ ಒಂದೇ ಗಣದೊಳಗೆ ಬೇರೆ ಬೇರೆ ಕುಟುಂಬಗಳು. ಇಂಗ್ಲಿಷಿನವರು ಮಾತ್ರ ಎರಡೂ ಕುಲಗಳಿಗೆ ಕೊಳದ ಕಳೆ ಎಂಬ ಅರ್ಥದ ಹೆಸರನ್ನೇ ಹಚ್ಚುತ್ತಾರೆ. ಕನ್ನಡದಲ್ಲಿ ಬರೆಯುವ ಅನುಕೂಲಕ್ಕಾಗಿ ಮೊದಲನೆಯದನ್ನು ಗೆಣ್ಣಿನ ಗಿಡ, ಎರಡನೆಯದನ್ನು ಗಡ್ಡೆಯ ಗಿಡ ಎಂದು ಕರೆಯುತ್ತೇನೆ. ಇವು ನಾನು ಇಟ್ಟುಕೊಂಡ ಹೆಸರುಗಳು, ಊರಿನವು ಅಲ್ಲ. ನಿಮ್ಮ ಊರಿನಲ್ಲಿ ಯಾರಾದರೂ ಹಿರಿಯರು ಬೇರೆ ಹೆಸರು ಹೇಳಿದರೆ ಅದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಗಿಡದ ಫೋಟೊಗಿಂತ ಅದು ಬೆಲೆಬಾಳುತ್ತದೆ.

ಇವು ಅಪಾಯದಲ್ಲಿವೆಯೇ ಎಂದು ಕೇಳುವವರಿಗೆ ನೇರವಾದ ಉತ್ತರ ಇಲ್ಲಿದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಜಾಗತಿಕ ಪಟ್ಟಿಯಲ್ಲಿ ಎರಡೂ ಆತಂಕವಿಲ್ಲದ ಸಾಲಿನಲ್ಲಿವೆ. ಆದರೆ ಅದೇ ಗೆಣ್ಣಿನ ಗಿಡ ಬ್ರಿಟನ್ನಿನಲ್ಲಿ ಅಪರೂಪದ್ದು. ಅಲ್ಲಿ ದಕ್ಷಿಣ ಇಂಗ್ಲೆಂಡಿನ ಕೆಲವೇ ಹೊಳೆಗಳಲ್ಲಿ ಉಳಿದಿದ್ದು, ಅದಕ್ಕೆ ಲಾಡನ್ ಎಂಬ ನದಿಯ ಹೆಸರನ್ನೇ ಇಟ್ಟುಕೊಂಡು ಲೆಕ್ಕವಿಟ್ಟು ಕಾಯುತ್ತಾರೆ. ಇತ್ತ ಗಡ್ಡೆಯ ಗಿಡದ ಹತ್ತಿರದ ಸಂಬಂಧಿ ಅಪೊನೊಗೆಟಾನ್ ಸತಾರೆನ್ಸಿಸ್ ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಯಲ್ಲಿದೆ. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಗೆ ಹೂ ನೋಡಲು ಹೋಗುವವರು ಅಲ್ಲಿನ ಹೊಂಡಗಳಲ್ಲಿ ಅದನ್ನು ಹುಡುಕಬಹುದು. ಅದರ ತೆನೆ ಕವಲೊಡೆದು ಎರಡಾಗಿರುತ್ತದೆ, ನಮ್ಮದರದು ಒಂಟಿ ತೆನೆ. ಜಗತ್ತಿನ ಪಟ್ಟಿಯಲ್ಲಿ ಕ್ಷೇಮವಾಗಿರುವ ಗಿಡ ಒಂದು ತಾಲ್ಲೂಕಿನಿಂದ ಸದ್ದಿಲ್ಲದೆ ಹೋಗಿಬಿಡಬಹುದು. ಹೋಯಿತೆಂದು ಹೇಳಬೇಕಾದರೆ ಇತ್ತೆಂದು ಯಾರಾದರೂ ಬರೆದಿರಬೇಕು. ಸರಿಯಾದ ಹೆಸರಿನಲ್ಲಿ ಬರೆದಿರಬೇಕು.

ಯಾವಾಗ, ಎಲ್ಲಿ, ಏನು ಒಯ್ಯಬೇಕು

ಬನ್ನಿ ಹಬ್ಬದಿಂದ ಎಳ್ಳ ಅಮಾವಾಸ್ಯೆಯವರೆಗಿನ ಕಾಲ ಇದಕ್ಕೆ ಹೇಳಿ ಮಾಡಿಸಿದ್ದು. ಮುಂಗಾರಿನ ಕೆಂಪು ನೀರು ಆಗ ತಿಳಿಯಾಗಿರುತ್ತದೆ, ಎಲೆಗಳು ಮೇಲೆ ಬಂದಿರುತ್ತವೆ, ತೆನೆಗಳೂ ಸಿಗುತ್ತವೆ. ಜುಲೈನಲ್ಲಿ ಹೋದರೆ ಕೆಸರು ಕಂಡು ಬರುತ್ತೀರಿ, ಅಷ್ಟೆ.

ಎಲ್ಲಿ ಎಂಬುದು ಸ್ವಲ್ಪ ಕಷ್ಟದ ಪ್ರಶ್ನೆ. ಹುಬ್ಬಳ್ಳಿಯ ಉಣಕಲ್ ಕೆರೆಯ ಮೇಲೆ ಅಂತರಗಂಗೆ ಹಬ್ಬಿದ್ದನ್ನು ನಗರದವರು ನೋಡಿಯೇ ಇದ್ದಾರೆ. ಅಂಥ ಕೆರೆಗಳಲ್ಲಿ ನಮ್ಮ ಎರಡೂ ಗಿಡಗಳಿಗೆ ಬೆಳಕು ದಕ್ಕುವುದಿಲ್ಲ. ದೊಡ್ಡ ಹೆಸರಿನ ಕೆರೆಗಳನ್ನು ಬಿಟ್ಟು, ಧಾರವಾಡದಿಂದ ದಕ್ಷಿಣಕ್ಕೆ ಕಲಘಟಗಿ, ಪಶ್ಚಿಮಕ್ಕೆ ಅಳ್ನಾವರ ಕಡೆಯ ಸಣ್ಣ ಊರ ಕೆರೆಗಳಿಂದ ಆರಂಭಿಸಿ. ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲ ಕಡೆಯ ಭತ್ತದ ಸೀಮೆಯ ಕೆರೆಗಳು ಇದೇ ಬಗೆಯವು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆ, ಎರೆ ಭೂಮಿ ಹೆಚ್ಚು, ನೀರು ನಿಲ್ಲುವ ತಿಂಗಳುಗಳೂ ಕಡಿಮೆ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಮಾತ್ರ ಗಿಡ ಹುಡುಕುತ್ತ ಇಳಿಯಬೇಡಿ. ಅದು ಸಂರಕ್ಷಿತ ಪ್ರದೇಶ, 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೂ ಸೇರಿದೆ. ಗಿಡ ನೋಡಲು ಒಳ್ಳೆಯದೆಂದು ನಾನು ಹೇಳಿದ ತಿಂಗಳುಗಳಲ್ಲೇ ಅಲ್ಲಿಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದು ತಂಗುತ್ತವೆ. ಅಲ್ಲಿ ದಂಡೆಯ ಮೇಲೆ ನಿಂತು ದುರ್ಬೀನಿನಲ್ಲಿ ನೋಡಿದರೆ ಸಾಕು.

ಒಯ್ಯಬೇಕಾದ್ದು ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಭೂತಗನ್ನಡಿ, ಅಳತೆಪಟ್ಟಿ, ಪೆನ್ಸಿಲ್ (ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ), ಬಿಳಿ ಊಟದ ತಟ್ಟೆ, ಒಂದು ಉದ್ದನೆಯ ಬಿದಿರಿನ ಕೋಲು. ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರು ಹಾಕಿ ಗಿಡದ ತುಣುಕನ್ನು ತೇಲಿಸಿದರೆ ಎಲ್ಲ ಭಾಗಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಕೋಲು ಗಿಡಕ್ಕಲ್ಲ, ನಿಮಗೆ. ಹೂಳು ತೆಗೆದ ಕೆರೆಗಳಲ್ಲಿ ಯಂತ್ರ ತೋಡಿದ ಗುಂಡಿಗಳು ನೀರಿನಡಿ ಮರೆಯಾಗಿರುತ್ತವೆ. ಮೊಣಕಾಲಿನಷ್ಟಿದ್ದ ನೀರು ಒಂದು ಹೆಜ್ಜೆಗೆ ತಲೆ ಮುಳುಗುವಷ್ಟಾಗಬಹುದು. ಕೋಲೂರಿ ನೆಲ ಸಿಕ್ಕ ಮೇಲೆಯೇ ಹೆಜ್ಜೆ ಇಡಿ. ಒಬ್ಬರೇ ಇಳಿಯಬೇಡಿ. ಮೊಣಕಾಲಿಗಿಂತ ಆಳದಲ್ಲಿರುವ ಗಿಡ ಎಷ್ಟೇ ಅಪರೂಪದ್ದಾಗಿರಲಿ, ಅದನ್ನು ಅಲ್ಲಿಗೇ ಬಿಟ್ಟುಬಿಡಿ. ಬರಿಗಾಲೂ ಬೇಡ. ಹಬ್ಬದ ಮರುದಿನದ ಕೆರೆಯಲ್ಲಿ ಗಾಜಿನ ಚೂರುಗಳಿಗೆ ಬರವಿಲ್ಲ.

ಮೊದಲು ಏರಿಯ ಮೇಲಿಂದ ನೋಡಿ

ನೀರಿಗಿಳಿಯುವ ಮುನ್ನ ಐದು ನಿಮಿಷ ಏರಿಯ ಮೇಲೆ ನಿಂತು, ಎಲೆಗಳು ನೀರಿನ ಮೇಲೆ ಹೇಗೆ ಹರಡಿವೆ ಎಂಬುದನ್ನಷ್ಟೇ ನೋಡಿ. ಗೆಣ್ಣಿನ ಗಿಡದ ಎಲೆಗಳು ಸಾಲು ಹಿಡಿದಿರುತ್ತವೆ, ಒಂದೇ ಬಳ್ಳಿಯ ಉದ್ದಕ್ಕೆ ಪೋಣಿಸಿದ ಹಾಗೆ. ಗಾಳಿ ಬೀಸಿದ ದಿಕ್ಕಿಗೆ, ತೂಬಿನ ಕಡೆಗೆ ನೀರು ಸೆಳೆಯುವ ದಿಕ್ಕಿಗೆ ಸಾಲು ಸಾಲೇ ತಿರುಗುತ್ತದೆ. ಚೆನ್ನಾಗಿ ಬೆಳೆದಲ್ಲಿ ಅದು ಒತ್ತಾಗಿ ಚಾಪೆ ಹಾಸಿದಂತೆ ಕಾಣುತ್ತದೆ.

ಗಡ್ಡೆಯ ಗಿಡದ ಎಲೆಗಳು ವೃತ್ತದಲ್ಲಿರುತ್ತವೆ. ನಡುವೆ ಕಣ್ಣಿಗೆ ಕಾಣದ ಒಂದು ಬಿಂದುವಿದ್ದು, ಅಲ್ಲಿಂದ ಎಲ್ಲ ದಿಕ್ಕಿಗೂ ತೊಟ್ಟುಗಳು ಹೊರಟು ಎಲೆಗಳನ್ನು ದೂರ ದೂರ ತಳ್ಳಿದಂತೆ. ಒಂದು ಗಿಡ, ಸ್ವಲ್ಪ ಖಾಲಿ ನೀರು, ಇನ್ನೊಂದು ಗಿಡ. ಒತ್ತಾದ ಚಾಪೆ ಅಪರೂಪ.

ಈ ನೋಟ ನಿರ್ಣಯವಲ್ಲ, ಅಂದಾಜು. ಎರಡೂ ಗಿಡ ಒಂದರೊಳಗೊಂದು ಬೆರೆತಿರುವ ಕೆರೆಗಳಲ್ಲಿ ಈ ಅಂದಾಜು ಕೈಕೊಡುತ್ತದೆ. ಅಜ್ಜನ ಮುಂದೆ ನಾನು ಬಿದ್ದದ್ದೂ ಅಂಥದ್ದೇ ಜಾಗದಲ್ಲಿ.

ಕೈ ಕೆಳಗೆ ಬಿಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ತೇಲುವ ಎಲೆಯೊಂದನ್ನು ಹಿಡಿದು ಎಳೆಯದೆ, ಅದರ ತೊಟ್ಟನ್ನು ಎರಡು ಬೆರಳ ನಡುವೆ ಹಗುರವಾಗಿ ಹಿಡಿದುಕೊಂಡು ಕೆಳಕ್ಕೆ ಜಾರಿಸುತ್ತ ಹೋಗಿ.

ಗೆಣ್ಣಿನ ಗಿಡವಾದರೆ ತುಸು ದೂರದಲ್ಲೇ ತೊಟ್ಟು ಒಂದು ಕಾಂಡಕ್ಕೆ ಬಂದು ಸೇರುತ್ತದೆ. ಸೇರಿದ ಜಾಗದಲ್ಲಿ ಬೆರಳಿಗೆ ಗಂಟು ತಾಕುತ್ತದೆ. ಕಾಂಡದ ಗುಂಟ ಮುಂದುವರಿದರೆ ಇನ್ನೊಂದು ಗಂಟು, ಅಲ್ಲಿ ಇನ್ನೊಂದು ಎಲೆ. ಹೀಗೆ ಕಬ್ಬಿನ ಜಲ್ಲೆಯ ಗೆಣ್ಣುಗಳಂತೆ ಒಂದಾದ ಮೇಲೊಂದು ಸಿಗುತ್ತವೆ. ನೀರೊಳಗಿನ ಗೆಣ್ಣುಗಳಲ್ಲಿ ಬೇರೆಯೇ ರೂಪದ ಎಲೆಗಳಿರುತ್ತವೆ. ಅವು ತೆಳ್ಳಗೆ, ಉದ್ದಕ್ಕೆ, ಬೆಳಕು ಹಾಯುವಂತೆ, ನೆನೆದ ಈರುಳ್ಳಿ ಸಿಪ್ಪೆಯ ಹಾಗೆ ಇರುತ್ತವೆ. ಕಾಂಡ ಕೊನೆಗೆ ಕೆಸರಿನಲ್ಲಿ ಅಡ್ಡಡ್ಡ ಹರಿಯುವ ಬೇರುಕಾಂಡಕ್ಕೆ ಸೇರುತ್ತದೆ. ಗಡ್ಡೆ ಇರುವುದಿಲ್ಲ.

ಗಡ್ಡೆಯ ಗಿಡವಾದರೆ ತೊಟ್ಟು ಮುಗಿಯುವುದೇ ಇಲ್ಲ. ಜಾರಿಸುತ್ತ ಜಾರಿಸುತ್ತ ಕೈ ಕೆಸರು ಮುಟ್ಟುತ್ತದೆ. ದಾರಿಯಲ್ಲಿ ಒಂದೂ ಗಂಟು ಸಿಗುವುದಿಲ್ಲ, ಎಲೆ ಹೊತ್ತ ಕಾಂಡವೆಂಬುದು ಅಲ್ಲಿಲ್ಲ. ಕೆಸವಿನ ಗಿಡದಲ್ಲಿ ಎಲ್ಲ ತೊಟ್ಟುಗಳೂ ನೆಲದೊಳಗಿನ ಒಂದೇ ಗಡ್ಡೆಯಿಂದ ಏಳುವುದನ್ನು ನೋಡಿದ್ದೀರಲ್ಲ, ಹಾಗೆಯೇ. ತೆನೆಯ ದಂಟು ಕೂಡ ಅದೇ ಬುಡದಿಂದ ಬರುತ್ತದೆ. ಬೆರಳ ತುದಿಯಿಂದ ಕೆಸರನ್ನು ಸ್ವಲ್ಪ ಸರಿಸಿದರೆ ಸಣ್ಣ, ಗಟ್ಟಿ ಗಡ್ಡೆ ತಾಕುತ್ತದೆ. ತಾಕಿದ್ದು ಸಾಕು, ಕೀಳಬೇಡಿ. ಮತ್ತೆ ಕೆಸರು ಮುಚ್ಚಿ.

ಈ ಪರೀಕ್ಷೆ ಹೂವಿಲ್ಲದ ಕಾಲದಲ್ಲೂ ನಡೆಯುತ್ತದೆ, ಕತ್ತಲಲ್ಲೂ ನಡೆಯುತ್ತದೆ. ಗಿಡಕ್ಕೆ ಗಾಯವಾಗುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಕಣ್ಣು ಮುಚ್ಚಿಕೊಂಡು ಹತ್ತಕ್ಕೆ ಹತ್ತನ್ನೂ ಸರಿಯಾಗಿ ಹೇಳಿ, ಎಲೆ ನೋಡಿ ಹೇಳುತ್ತಿದ್ದ ಹುಡುಗರನ್ನೆಲ್ಲ ಸೋಲಿಸಿದಳು.

ಇನ್ನೊಂದು ಗುರುತು ಗೆಣ್ಣಿನ ಬಳಿಯೇ ಇದೆ. ಗೆಣ್ಣಿನ ಗಿಡದಲ್ಲಿ ತೊಟ್ಟು ಕಾಂಡಕ್ಕೆ ಸೇರುವಲ್ಲಿ ತೆಳ್ಳನೆಯ ಹಾಳೆಯಂಥ ಹೊದಿಕೆಯೊಂದು ಕಾಂಡವನ್ನು ಅಪ್ಪಿಕೊಂಡು ನಿಂತಿರುತ್ತದೆ. ಅದು ತೊಟ್ಟಿಗೆ ಅಂಟಿರುವುದಿಲ್ಲ, ಉಗುರಿನಿಂದ ಬಿಡಿಸಬಹುದು. ಹೊದಿಕೆ ಎಲೆಯ ಬುಡಕ್ಕೆ ಅಂಟಿಕೊಂಡು ಒರೆಯಂತಾಗಿ, ಎಲೆಗಳು ದಾರದಷ್ಟು ಸಪೂರವಾಗಿದ್ದರೆ ನಿಮ್ಮ ಕೈಯಲ್ಲಿರುವುದು ಸ್ಟಕೇನಿಯಾ ಪೆಕ್ಟಿನೇಟಾ ಎಂಬ ಮತ್ತೊಂದು ಜಲಸಸ್ಯ. ಹಳೆಯ ಪುಸ್ತಕಗಳು ಅದನ್ನೂ ಪೊಟಮೊಗೆಟಾನ್ ಎಂದೇ ಕರೆಯುತ್ತಿದ್ದವು.

ಎಲೆಯ ಸುಳ್ಳುಗಳು

ಎಲೆಯನ್ನು ಏಕೆ ನಂಬಬಾರದು ಎಂದರೆ, ಎಲೆ ನೀರಿನ ಮಾತನ್ನು ಕೇಳುತ್ತದೆ, ಕುಲದ ಮಾತನ್ನಲ್ಲ. ಆಳ ಹೆಚ್ಚಾದರೆ ತೊಟ್ಟು ಉದ್ದವಾಗುತ್ತದೆ. ಸೆಳವಿದ್ದರೆ ಅಲಗು, ಎಂದರೆ ಎಲೆಯ ಅಗಲವಾದ ಭಾಗ, ಸಪೂರವಾಗುತ್ತದೆ. ನೀರು ಇಳಿದು ಕೆಸರಷ್ಟೇ ಉಳಿದರೆ ಗೆಣ್ಣಿನ ಗಿಡ ಗಿಡ್ಡ ಎಲೆಗಳ ನೆಲದ ರೂಪಕ್ಕೆ ಇಳಿದು, ತಾನು ಜಲಸಸ್ಯವೇ ಅಲ್ಲ ಎಂಬಂತೆ ಕುಳಿತಿರುತ್ತದೆ. ಒಂದೇ ಕೆರೆಯ ಎರಡು ದಂಡೆಗಳಲ್ಲಿ ಒಂದೇ ಗಿಡಕ್ಕೆ ಎರಡು ಎಲೆ.

ಆದರೂ ಎಲೆಯಲ್ಲಿ ಏನೂ ಇಲ್ಲವೆಂದಲ್ಲ. ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ಬುಡ ನೋಡಿ. ಗಡ್ಡೆಯ ಗಿಡದ ಅಲಗಿನ ಬುಡ ದುಂಡಗೆ ಅಥವಾ ಹೃದಯದಾಕಾರದಲ್ಲಿ ಒಳಕ್ಕೆ ಬಾಗಿರುವುದು ಹೆಚ್ಚು. ಗೆಣ್ಣಿನ ಗಿಡದ ಅಲಗು ಸಾಮಾನ್ಯವಾಗಿ ತೊಟ್ಟಿನ ಕಡೆಗೆ ಕಿರಿದಾಗುತ್ತ ಬರುತ್ತದೆ. ಎರಡರಲ್ಲೂ ನರಗಳು ಬುಡದಿಂದ ತುದಿಗೆ ಸಮಾನಾಂತರವಾಗಿ ಓಡುತ್ತವೆ. ಗಡ್ಡೆಯ ಗಿಡದಲ್ಲಿ ಅವುಗಳ ನಡುವಿನ ಅಡ್ಡನರಗಳು ಏಣಿಯ ಮೆಟ್ಟಿಲಿನಂತೆ ಎದ್ದು ಕಾಣುತ್ತವೆ. ಇದೇ ಕುಲದ ಮಡಗಾಸ್ಕರಿನ ಗಿಡವೊಂದರಲ್ಲಿ ಏಣಿಯಷ್ಟೇ ಉಳಿದು ನಡುವಿನ ಹಸಿರು ಇಲ್ಲವಾಗಿ, ಎಲೆ ಜಾಲರಿಯ ಹಾಗೆ ಕಾಣುತ್ತದೆ. ಅಕ್ವೇರಿಯಂ ಅಂಗಡಿಯವರು ಅದನ್ನು ಬಹಳ ಹೆಮ್ಮೆಯಿಂದ ತೋರಿಸುತ್ತಾರೆ.

ತೆನೆ ಸಿಕ್ಕರೆ

ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಗಾಳಿ ಏಳುವ ಮುನ್ನ, ತೆನೆ ನೋಡಿ. ಬಣ್ಣವೇ ಮೊದಲ ಸುಳಿವು. ಗೆಣ್ಣಿನ ಗಿಡದ ತೆನೆ ಹಸಿರು, ಹೆಚ್ಚೆಂದರೆ ಕಂದು ಮಿಶ್ರಿತ ಹಸಿರು. ಅದಕ್ಕೆ ಯಾರನ್ನೂ ಕರೆಯುವ ಹಂಗಿಲ್ಲ, ಪರಾಗವನ್ನು ಗಾಳಿಗೆ ಬಿಡುತ್ತದೆ. ಗಡ್ಡೆಯ ಗಿಡದ ತೆನೆ ಬಿಳಿ, ನಸುಗೆಂಪು, ಕೆಲವೊಮ್ಮೆ ತಿಳಿ ನೇರಳೆ. ಅದರ ಮೇಲೆ ಜೇನ್ನೊಣಗಳು ಬಂದು ಕೂರುತ್ತವೆ. ಮೊಗ್ಗಿನಲ್ಲಿ ತೆನೆಯನ್ನು ಮುಚ್ಚಿಕೊಂಡಿದ್ದ ಒಂದು ಪೊರೆ ಹೂವರಳುವ ಹೊತ್ತಿಗೆ ಕಳಚಿ ಬಿದ್ದುಹೋಗುತ್ತದೆ.

ಆಮೇಲೆ ಭೂತಗನ್ನಡಿ ಹಿಡಿದು ಒಂದೇ ಒಂದು ಹೂವನ್ನು ಆರಿಸಿಕೊಂಡು ಎಣಿಸಿ. ಗೆಣ್ಣಿನ ಗಿಡದ್ದು ನಾಲ್ಕರ ಲೆಕ್ಕ: ನಾಲ್ಕು ಹಸಿರು ಚಿಪ್ಪಿನಂಥ ತುಣುಕುಗಳು, ನಾಲ್ಕು ಕೇಸರ, ನಡುವೆ ಬಿಡಿಬಿಡಿಯಾದ ನಾಲ್ಕು ಅಂಡಾಶಯ. ಗಡ್ಡೆಯ ಗಿಡದ್ದು ಎರಡು, ಆರು, ಮೂರು: ಎರಡು ಎಸಳು, ಆರು ಕೇಸರ, ಸಾಮಾನ್ಯವಾಗಿ ಮೂರು ಅಂಡಾಶಯ. ಒಂದು ಎಚ್ಚರಿಕೆ: ಗೆಣ್ಣಿನ ಗಿಡದಲ್ಲಿ ಹೆಣ್ಣು ಭಾಗ ಮೊದಲು ಬಲಿಯುತ್ತದೆ, ಕೇಸರಗಳು ನಂತರ ತೆರೆಯುತ್ತವೆ. ನಿನ್ನೆ ನೋಡಿದ ತೆನೆಯೂ ಇಂದು ನೋಡಿದ ತೆನೆಯೂ ಬೇರೆ ಗಿಡದವೆಂದು ಜಗಳವಾಡುವ ಮುನ್ನ ಇದನ್ನು ನೆನೆಯಿರಿ. ನಾವು ಜಗಳವಾಡಿದ್ದೇವೆ.

ಕಾಯಿ ಬಲಿತಿದ್ದರೆ ಇನ್ನೂ ಸುಲಭ. ಗೆಣ್ಣಿನ ಗಿಡದ ಕಾಯಿಗಳು ಬೆನ್ನಿನಲ್ಲಿ ಏಣು, ತುದಿಯಲ್ಲಿ ಚಿಕ್ಕ ಕೊಕ್ಕು ಇರುವ ಗಟ್ಟಿ ಕಾಳುಗಳು. ಉದ್ದ ಮೂರು ನಾಲ್ಕು ಮಿಲಿಮೀಟರ್, ಒಂದರಲ್ಲಿ ಒಂದೇ ಬೀಜ. ಬಾತುಗಳು ಇವನ್ನು ಮುಕ್ಕುತ್ತವೆ. ಗಡ್ಡೆಯ ಗಿಡದ್ದು ಮೆತ್ತನೆಯ ಪುಟ್ಟ ಚೀಲ. ಬಲಿತ ಮೇಲೆ ಒಡೆದು ಬೀಜಗಳನ್ನು ನೀರಿಗೆ ಬಿಡುತ್ತದೆ.

ಇವೆರಡೂ ಅಲ್ಲದವು

ನಿಮ್ಮ ಎಲೆ ದುಂಡಗಿದ್ದು ಒಂದು ಕಡೆ ಸೀಳಿದ್ದರೆ ಅದು ನೈದಿಲೆಯೋ ಅದನ್ನು ಹೋಲುವ ನಿಂಫಾಯ್ಡಿಸ್ ಎಂಬ ಗಿಡವೋ ಇರಬೇಕು. ಗೆಣ್ಣು ಊದಿಕೊಂಡು, ಸುತ್ತ ಕೊಳವೆಯಂಥ ಹೊದಿಕೆಯಿದ್ದು, ನೀರಿನಿಂದ ಮೇಲೆ ಎದ್ದ ಕಾಂಡದಲ್ಲಿ ಗುಲಾಬಿ ಅಥವಾ ಬಿಳಿ ಹೂಗಳ ಸಪೂರ ತೆನೆಗಳಿದ್ದರೆ ಅದು ಪರ್ಸಿಕೇರಿಯಾ. ಗೆಣ್ಣಿನ ಗಿಡವೆಂದು ನನ್ನ ಬಳಿಗೆ ಬರುವ ಫೋಟೊಗಳಲ್ಲಿ ಅದರ ಪಾಲು ದೊಡ್ಡದು.

ದಾಖಲಿಸುವುದು

ಫೋಟೊ ನಾಲ್ಕು ಬೇಕು, ನಲವತ್ತು ಬೇಡ. ಏರಿಯ ಮೇಲಿಂದ ಒಂದು. ತಟ್ಟೆಯ ನೀರಿನಲ್ಲಿ ಎಲೆ ಮತ್ತು ತೊಟ್ಟಿನ ಬುಡ ಒಟ್ಟಿಗೆ, ಪಕ್ಕದಲ್ಲಿ ಅಳತೆಪಟ್ಟಿಯೊಂದಿಗೆ ಒಂದು. ತೆನೆಯದು ಒಂದು, ಎಲೆಯನ್ನು ಬಿಸಿಲಿಗೆ ಹಿಡಿದದ್ದು ಒಂದು. ಬುಡದ ಫೋಟೊ ಇಲ್ಲದೆ, ಗಿಡ-ಪ್ರಾಣಿಗಳ ದಾಖಲೆ ಇಡುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಏರಿಸಿದರೆ, ನನ್ನಂಥವನೊಬ್ಬ ತೇಲುವ ಎಲೆ ನೋಡಿ ಧೈರ್ಯವಾಗಿ ತಪ್ಪು ಹೆಸರು ಹೇಳುತ್ತಾನೆ.

ಗಡ್ಡೆಯ ಗಿಡ ಸಿಕ್ಕ ಕೆರೆಯ ನಿಖರ ಜಾಗವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಮರೆಮಾಡುವ ಆಯ್ಕೆ ಬಳಸಿ. ಈ ಕುಲದ ಗಡ್ಡೆಗಳಿಗೆ ಅಕ್ವೇರಿಯಂ ವ್ಯಾಪಾರದಲ್ಲಿ ಬೇಡಿಕೆಯಿದೆ. ಈ ಲೇಖನದಲ್ಲಿ ಅಜ್ಜನ ಕೆರೆಯ ಹೆಸರು ಇಲ್ಲದಿರುವುದೂ ಅದಕ್ಕಾಗಿಯೇ.

ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಬರೆಯಿರಿ: ಊರು, ಕೆರೆಯ ಯಾವ ದಿಕ್ಕಿನ ದಂಡೆ, ನೀರಿನ ಆಳ ಎಷ್ಟು ಸೆಂಟಿಮೀಟರ್, ಕೆಳಗೆ ಎರೆಯೋ ಕೆಮ್ಮಣ್ಣೋ ಮರಳೋ, ಸುತ್ತ ಇನ್ನೇನು ಬೆಳೆದಿದೆ, ದನ ಇಳಿಯುವ ಜಾಗವೇ ಅಲ್ಲವೇ. ‘ಒಂದಿಷ್ಟು ಗಿಡ’ ಎಂದು ಬರೆಯಬೇಡಿ. ಗಡ್ಡೆಯ ಗಿಡಗಳನ್ನು ಎಣಿಸಬಹುದು, ಎಣಿಸಿ. ಗೆಣ್ಣಿನ ಗಿಡವನ್ನು ಎಣಿಸಲಾಗುವುದಿಲ್ಲ. ಚಾಪೆಯ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆಯಿರಿ.

ಗಿಡ ಹೇರಳವಾಗಿದ್ದರೆ ಮಾತ್ರ ಒಂದು ಎಲೆ ಮತ್ತು ಒಂದು ತೆನೆಯನ್ನು ಒಣಗಿಸಿ ಇಡಬಹುದು. ನೀರಿನಿಂದ ತೆಗೆದ ಕೂಡಲೇ ಇವು ಒದ್ದೆ ಬಟ್ಟೆಯಂತೆ ಮುದುಡುತ್ತವೆ. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ದಪ್ಪ ಹಾಳೆಯನ್ನು ನೀರೊಳಗೆ ಮುಳುಗಿಸಿ, ಗಿಡವನ್ನು ಅದರ ಮೇಲೆ ತೇಲಿಸಿಕೊಂಡು ಹಾಳೆಯನ್ನು ಓರೆಯಾಗಿ ಮೆಲ್ಲಗೆ ಎತ್ತಿ. ಗಿಡ ಹರಡಿಕೊಂಡ ಹಾಗೆಯೇ ಹಾಳೆಗೆ ಅಂಟುತ್ತದೆ. ಮೇಲೊಂದು ಹಳೆಯ ಪಂಚೆಯ ತುಂಡು ಹೊದಿಸಿ, ಇಲ್ಲವಾದರೆ ಅದು ವೃತ್ತಪತ್ರಿಕೆಗೆ ಅಂಟಿಕೊಂಡು ಸಂಪಾದಕೀಯದ ಭಾಗವಾಗಿಬಿಡುತ್ತದೆ. ಪತ್ರಿಕೆಯ ಹಾಳೆಗಳನ್ನು ದಿನವೂ ಬದಲಿಸಿ.

ಒಂದು ಪ್ರತಿ ನಿಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಹೋಗಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಅಂಥ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ನಡೆಯಬೇಕು. ನಿಮ್ಮ ಊರಿನ ದಾಖಲಾತಿಯಲ್ಲಿ ಜಲಸಸ್ಯಗಳ ಪುಟ ಖಾಲಿಯಿದ್ದರೆ ತುಂಬಿಸಿಕೊಡಿ. ಹಳೆಯ ದಾಖಲೆಗಳನ್ನು ಹುಡುಕುವವರಿಗೆ ಒಂದು ಮಾತು: 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಆಗಿನ ಒಣಗಿಡಗಳ ಹಾಳೆಗಳನ್ನು ಬೆಂಗಳೂರಿನಲ್ಲಿ ಹುಡುಕುವುದಕ್ಕಿಂತ ಪುಣೆಯ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಸಂಗ್ರಹದಲ್ಲಿ, ಅದೂ ಬ್ರಿಟಿಷರ ‘ಧಾರ್ವಾರ್’ ಎಂಬ ಕಾಗುಣಿತದಲ್ಲಿ, ಹುಡುಕುವುದು ಮೇಲು. ಇಂದಿನ ಗದಗ, ಹಾವೇರಿಯ ಊರುಗಳೂ ಬಹುಪಾಲು ಅದರೊಳಗೇ ಬರುತ್ತವೆ. ಅವು ಬೇರೆ ಜಿಲ್ಲೆಗಳಾದದ್ದು 1997ರಲ್ಲಿ.

ಕೈ ಪಳಗಿಸಲು ಇನ್ನೊಂದು ಜೋಡಿ

ನೀರಿಲ್ಲದ ತಿಂಗಳುಗಳಲ್ಲಿ ಮನೆಯಲ್ಲೇ ಅಭ್ಯಾಸ ಮಾಡುವವರಿಗೆ ಬ್ರಿಟನ್ನಿನ ಒಂದು ಜೋಡಿ ಹೇಳುತ್ತೇನೆ. ಪೊಟಮೊಗೆಟಾನ್ ಅಕ್ಯುಟಿಫೋಲಿಯಸ್ ಮತ್ತು ಪೊಟಮೊಗೆಟಾನ್ ಕಂಪ್ರೆಸಸ್. ಇವು ನಿಜಕ್ಕೂ ಒಡಹುಟ್ಟಿದವು, ಅಲ್ಲಿನ ಕೆಂಪು ಪಟ್ಟಿಯಲ್ಲಿ ಎರಡೂ ಇವೆ. ಮೊದಲನೆಯದರ ಸ್ಥಿತಿ ಹೆಚ್ಚು ಗಂಭೀರ. ಅದು ಹುಲ್ಲುಗಾವಲುಗಳ ನಡುವಿನ ಕಾಲುವೆಗಳಲ್ಲಿ ಉಳಿದಿದ್ದರೆ, ಇನ್ನೊಂದಕ್ಕೆ ವೇಲ್ಸ್‌ನ ಮಾಂಟ್ಗೊಮರಿ ಕಾಲುವೆ ಹೆಸರಾಂತ ನೆಲೆ. ಎರಡಕ್ಕೂ ತೇಲುವ ಎಲೆಯಿಲ್ಲ. ಚಪ್ಪಟೆ ಕಾಂಡ, ಹುಲ್ಲಿನಂಥ ಮುಳುಗೆಲೆಗಳು. ಒಣಗಿಡ ಸಂಗ್ರಹಗಳು ಅಂತರ್ಜಾಲಕ್ಕೆ ಏರಿಸಿರುವ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ಅಕ್ಯುಟಿಫೋಲಿಯಸ್‌ನ ಎಲೆ ತುದಿಗೆ ಬರುತ್ತ ಚೂಪಾಗಿ ಸಣ್ಣಗಾಗುತ್ತದೆ. ಕಂಪ್ರೆಸಸ್‌ನ ತುದಿ ದುಂಡಗಿದ್ದು, ಕೊನೆಯಲ್ಲಿ ಸೂಜಿಮೊನೆಯಷ್ಟು ಚುಚ್ಚು. ಮೊದಲನೆಯದರ ತೆನೆಯ ದಂಟು ಹೆಚ್ಚುಕಡಿಮೆ ಒಂದೆರಡು ಸೆಂಟಿಮೀಟರ್, ಅದರ ಮೇಲೆ ನಾಲ್ಕಾರು ಹೂಗಳ ಪುಟ್ಟ ಗುಂಡು. ಎರಡನೆಯದರ ದಂಟು ಅದಕ್ಕಿಂತ ಬಹಳ ಉದ್ದ, ಹೂಗಳು ಹತ್ತಕ್ಕೂ ಹೆಚ್ಚು, ಗೊಂಚಲು ಉದ್ದನೆಯ ಕೊಳವೆಯಾಕಾರ. ಎಲೆಯನ್ನು ನಂಬಬೇಡಿ ಎಂದವನು ಇಲ್ಲಿ ಎಲೆಯ ತುದಿ ನೋಡಿ ಎನ್ನುತ್ತಿದ್ದಾನಲ್ಲ ಎಂದು ನಗಬೇಡಿ. ಇಲ್ಲಿಯೂ ಕೊನೆಯ ಮಾತು ದಂಟಿನದೇ.

ಏಪ್ರಿಲ್‌ನಲ್ಲಿ ಮತ್ತೊಮ್ಮೆ

ದೀಪಾವಳಿಯಲ್ಲಿ ನೋಡಿದ ಕೆರೆಯನ್ನು ಬೇಸಗೆಯಲ್ಲಿ ನೋಡದಿದ್ದರೆ ಹೋಲಿಕೆ ಅರ್ಧವೇ ಆದಂತೆ. ಯುಗಾದಿ ಕಳೆದ ಮೇಲೆ ಅದೇ ದಂಡೆಗೆ ಹೋಗಿ. ಎರೆ ಬಿರುಕು ಬಿಟ್ಟಿರುತ್ತದೆ. ಗಡ್ಡೆಯ ಗಿಡದ ಎಲೆಯೊಂದೂ ಇರುವುದಿಲ್ಲ. ಗಡ್ಡೆ ಮಣ್ಣಿನೊಳಗೆ ಮಲ್ಲಿಗೆ ಗಿಡದ ಬೇರಿನಷ್ಟು ನಿಶ್ಚಿಂತೆಯಿಂದ ಮಲಗಿರುತ್ತದೆ. ಗೆಣ್ಣಿನ ಗಿಡವನ್ನು ಹುಡುಕಬೇಕಾದರೆ ಕೆರೆಯ ನಡುವಿನ ಉಳಿದ ನೀರಿಗೆ, ಇಲ್ಲವೇ ತೂಬಿನ ಆಚೆ ಜಿನುಗುವ ಒದ್ದೆ ಕೆಸರಿಗೆ ಹೋಗಬೇಕು.

ಹೂಳೆತ್ತುವ ಕೆಲಸ ನಡೆಯುವುದೂ ಇದೇ ತಿಂಗಳುಗಳಲ್ಲಿ. ಹೂಳೆತ್ತುವುದು ತಪ್ಪಲ್ಲ, ಎತ್ತದಿದ್ದರೆ ಕೆರೆಯೇ ಇರುವುದಿಲ್ಲ. ಹಿಂದೆ ರೈತರು ಚಕ್ಕಡಿಯಲ್ಲಿ ಹೂಳು ಹೇರಿಕೊಂಡು ಹೋಗಿ ಹೊಲಕ್ಕೆ ಹಾಕುತ್ತಿದ್ದರು. ಈ ವರ್ಷ ಒಂದು ಮೂಲೆ, ಮುಂದಿನ ವರ್ಷ ಇನ್ನೊಂದು. ಯಂತ್ರ ಬಂದ ಮೇಲೆ ಒಂದೇ ಬೇಸಗೆಯಲ್ಲಿ ಇಡೀ ಕೆರೆಯಂಗಳ ಬಟ್ಟಲಿನಂತೆ ನುಣ್ಣಗಾಗುತ್ತದೆ, ದಂಡೆ ಗೋಡೆಯಂತೆ ನೇರವಾಗುತ್ತದೆ. ಮಣ್ಣಿನ ಜೊತೆ ಗಡ್ಡೆಗಳು ಲಾರಿ ಹತ್ತುತ್ತವೆ. ಕೆಲಸ ಶುರುವಾಗುವ ಮುನ್ನ ನಿಮ್ಮ ಟಿಪ್ಪಣಿ ಪುಸ್ತಕ ಹಿಡಿದು ಪಂಚಾಯಿತಿಗೆ ಹೋಗಿ ಕೇಳಬೇಕಾದ್ದು ಇಷ್ಟೇ: ದನ ಇಳಿಯುವ ಕಡೆಯ ಇಳಿಜಾರು ದಂಡೆಯಲ್ಲಿ ಒಂದು ಪಟ್ಟಿಯನ್ನು ಮುಟ್ಟದೆ ಬಿಡಿ. ಗಿಡದ ಹೆಸರು ಹೇಳಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಎಮ್ಮೆಗಳಿಗೆ ಇಳಿಯಲು ದಾರಿ ಬೇಕು ಎಂದು ಕೇಳಿದರೆ ಒಪ್ಪುತ್ತಾರೆ. ಅಜ್ಜನ ಕೆರೆಯಲ್ಲಿ ನಾವು ಹಾಗೆಯೇ ಕೇಳಿದೆವು. ಇಪ್ಪತ್ತು ಹೆಜ್ಜೆ ಉದ್ದದ ಪಟ್ಟಿ ಉಳಿಯಿತು. ಆ ವರ್ಷ ಬನ್ನಿ ಹಬ್ಬದ ವಾರ ಹೋಗಿ, ಕೋಲೂರಿಕೊಂಡು ಇಳಿದು, ಒಂದೊಂದೇ ತೊಟ್ಟಿನ ಗುಂಟ ಕೈ ಬಿಟ್ಟು ಎಣಿಸಿದಾಗ ಹದಿನೇಳು ಗಡ್ಡೆಗಳು ಸಿಕ್ಕವು. ಗೆಣ್ಣಿನ ಗಿಡ ಕೋಡಿಯ ಬಳಿ ಹನ್ನೊಂದು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ.